ಹೊಸ ಚೌಕಳಿ, ಒಂದೇ ಅಂಗಡಿ, 11,360 ರೂಪಾಯಿ

ಪ್ರಶ್ನೆ: ನಾವು ದಾವಣಗೆರೆಯವರು. ಯಜಮಾನರು ಎಪಿಎಂಸಿಯಲ್ಲಿ ಹಮಾಲಿ, ನಾನು ಮಂಡಕ್ಕಿ ಭಟ್ಟಿಯಲ್ಲಿ ಚೀಲ ತುಂಬುತ್ತೇನೆ. ಇಬ್ಬರದೂ ಸೇರಿ ತಿಂಗಳಿಗೆ 22,000 ರೂಪಾಯಿ ಬಂದರೆ ಹೆಚ್ಚು. ಮಗಳು ಈ ಜೂನ್‌ಗೆ ಏಳನೇ ತರಗತಿ, ಮಗ ನಾಲ್ಕನೇ ತರಗತಿ. ಇಬ್ಬರೂ ರಾಜ್ಯ ಪಠ್ಯಕ್ರಮದ ಒಂದೇ ಖಾಸಗಿ ಶಾಲೆಗೆ ಹೋಗುತ್ತಾರೆ. ಎರಡು ವರ್ಷದ ಹಿಂದೆ ಸಮವಸ್ತ್ರ ಬದಲಾಯಿಸಿದ್ದರು. ಈಗ ಮೇ ತಿಂಗಳಲ್ಲಿ ಮತ್ತೆ ಹೊಸ ಚೌಕಳಿ ಬಟ್ಟೆ ಎಂದು ಮೊಬೈಲ್‌ಗೆ ಸಂದೇಶ ಬಂತು. ಒಂದೇ ಅಂಗಡಿಯ ಹೆಸರು ಕೊಟ್ಟಿದ್ದಾರೆ. ಅಲ್ಲಿ ಲೆಕ್ಕ ಹಾಕಿಸಿದರೆ 11,360 ರೂಪಾಯಿ ಆಯಿತು, ಚೀಟಿಯನ್ನು ಇದರ ಜೊತೆ ಕಳುಹಿಸಿದ್ದೇನೆ. ಇನ್ನೂ ಕೊಟ್ಟಿಲ್ಲ. ಸರ್ಕಾರಿ ಶಾಲೆಗೆ ಹೋಗುವ ನನ್ನ ಓರಗಿತ್ತಿಯ ಮಕ್ಕಳಿಗೆ ಎಲ್ಲ ಉಚಿತ. ನಾವು ಬೇರೆ ಕಡೆ ಹೊಲಿಸಬಹುದೇ? ಹೊಲಿಸಿದರೆ ಅಗ್ಗವಾಗುತ್ತದೆಯೇ? ಕೇಳಿದರೆ ಮಕ್ಕಳ ಮೇಲೆ ಸಿಟ್ಟು ಇಟ್ಟುಕೊಳ್ಳುವುದಿಲ್ಲವೇ? ಕೊನೆಗೆ ಒಂದು ಚಿಕ್ಕ ಪ್ರಶ್ನೆ, ಮಗಳ ಹಳೆಯ ಸ್ಕರ್ಟಿನ ಮಡಿಕೆ ಬಿಚ್ಚೋಣವೆಂದರೆ ಗೆರೆ ಕಾಣುತ್ತದೆ, ಹಾಕುವುದಿಲ್ಲ ಎಂದು ಅಳುತ್ತಾಳೆ. ಏನು ಮಾಡಲಿ?

ಉತ್ತರ: ತಾಯಿ, ಹಣ ಇನ್ನೂ ಕೊಟ್ಟಿಲ್ಲ ಎಂದು ಬರೆದಿದ್ದೀರಿ, ಒಳ್ಳೆಯದಾಯಿತು. ಒಂದು ವಾರ ತಡೆಯಿರಿ.

ಬೇರೆ ಕಡೆ ಹೊಲಿಸಬಹುದು. ಅಷ್ಟೇ ಏಕೆ, ಈ ವರ್ಷ ಹಳೆಯದನ್ನೇ ಹಾಕಿಸಿ ಕಳುಹಿಸುವ ಹಕ್ಕೂ ನಿಮಗಿದೆ. ಕರ್ನಾಟಕ ಶಿಕ್ಷಣ ಕಾಯ್ದೆ 1983ರ ಅಡಿಯಲ್ಲಿ ಶಿಕ್ಷಣ ಸಂಸ್ಥೆಗಳ ವರ್ಗೀಕರಣ, ನಿಯಂತ್ರಣ ಮತ್ತು ಪಠ್ಯಕ್ರಮ ನಿಗದಿಯ ಬಗ್ಗೆ 1995ರಲ್ಲಿ ಮಾಡಿದ ನಿಯಮಗಳಿವೆ. ಅದರಲ್ಲಿ 11ನೇ ನಿಯಮವನ್ನು ನೀವು ಬಾಯಿಪಾಠ ಮಾಡಿಕೊಳ್ಳಬೇಕು. ಸಮವಸ್ತ್ರ ಯಾವುದು ಎಂದು ಗೊತ್ತುಮಾಡುವುದು ಶಾಲೆಯ ಅಧಿಕಾರ, ಸರಿ. ಆದರೆ ಒಮ್ಮೆ ಗೊತ್ತುಮಾಡಿದ ಮೇಲೆ ಮುಂದಿನ ಐದು ವರ್ಷ ಅದನ್ನು ಬದಲಾಯಿಸುವಂತಿಲ್ಲ. ಬದಲಾಯಿಸಬೇಕೆಂದರೆ ಕನಿಷ್ಠ ಒಂದು ವರ್ಷ ಮೊದಲು ಪೋಷಕರಿಗೆ ನೋಟಿಸ್ ಕೊಡಬೇಕು. ಬಟ್ಟೆಯನ್ನು ಶಾಲೆಯಲ್ಲೋ ಶಾಲೆ ಹೇಳಿದ ಅಂಗಡಿಯಲ್ಲೋ ಕೊಳ್ಳುವುದು, ಶಾಲೆ ಹೇಳಿದ ದರ್ಜಿಯ ಬಳಿ ಹೊಲಿಸುವುದು, ಎರಡೂ ಪೋಷಕರ ಇಚ್ಛೆಗೆ ಬಿಟ್ಟದ್ದು. ಅಲ್ಲಿ ಕೊಳ್ಳಲಿಲ್ಲವೆಂದು ಮಗುವಿಗಾಗಲಿ ಪೋಷಕರಿಗಾಗಲಿ ಯಾವ ತೊಂದರೆಯನ್ನೂ ಕೊಡಬಾರದು, ಅಸಮಾಧಾನವನ್ನೂ ತೋರಿಸಬಾರದು ಎಂದು ಅದೇ ನಿಯಮದಲ್ಲಿ ಬರೆದಿದೆ. ಅಸಮಾಧಾನ ತೋರಿಸಬಾರದು ಎನ್ನುವ ಮಾತನ್ನು ಸರ್ಕಾರಿ ನಿಯಮದಲ್ಲಿ ಕಾಣುವುದು ಅಪರೂಪ. ಬರೆದವರಿಗೆ ತಾಯಂದಿರ ಅಂಜಿಕೆ ಗೊತ್ತಿತ್ತು ಎಂದೇ ನಾನು ತಿಳಿದಿದ್ದೇನೆ.

ನಿಮ್ಮ ಶಾಲೆ ಎರಡೇ ವರ್ಷಕ್ಕೆ ಬದಲಾಯಿಸಿದೆ, ಮೇ ತಿಂಗಳಲ್ಲಿ ಹೇಳಿ ಜೂನ್‌ನಲ್ಲಿ ತೊಡಿಸಿ ಎನ್ನುತ್ತಿದೆ, ಒಂದೇ ಅಂಗಡಿ ತೋರಿಸಿದೆ. ಮೊದಲ ಎರಡು ಕಡೆ ನಿಯಮ ಮುರಿದಿದೆ, ಆ ಅಂಗಡಿಯಲ್ಲೇ ಕೊಳ್ಳಬೇಕೆಂದು ಒತ್ತಾಯಿಸಿದರೆ ಮೂರನೆಯ ಕಡೆಯೂ ಮುರಿದಂತೆ. ಕೇಂದ್ರೀಯ ಮಂಡಳಿಯ ಅಂದರೆ ಸಿಬಿಎಸ್‌ಇ ಶಾಲೆಗಳ ದಾರಿ ಸ್ವಲ್ಪ ಬೇರೆ. ಶಾಲೆಗಳು ಪುಸ್ತಕ, ಸಮವಸ್ತ್ರಗಳ ವ್ಯಾಪಾರಕ್ಕೆ ಇಳಿಯಬಾರದು ಎಂದು ಆ ಮಂಡಳಿಯೂ 2017ರಲ್ಲಿ ಸುತ್ತೋಲೆ ಹೊರಡಿಸಿತ್ತು. ನಿಮ್ಮದು ರಾಜ್ಯ ಪಠ್ಯಕ್ರಮ, ಆದ್ದರಿಂದ 11ನೇ ನಿಯಮವೇ ಸಾಕು.

ಇನ್ನು ಲೆಕ್ಕ. ನೀವು ಕಳುಹಿಸಿದ ಚೀಟಿಯನ್ನು ಬಿಡಿಸಿ ನೋಡಿದೆ. ಇಬ್ಬರಿಗೂ ನಿತ್ಯದ ಉಡುಪು ಎರಡೆರಡು ಜೊತೆ, ಮಗಳದು ಜೊತೆಗೆ 1,350, ಮಗನದು 1,150, ಒಟ್ಟು 5,000 ರೂಪಾಯಿ. ಬುಧವಾರದ ಆಟದ ಟೀ ಶರ್ಟು, ಟ್ರ್ಯಾಕ್ ಪ್ಯಾಂಟು ಮತ್ತು ಶನಿವಾರದ ಬಿಳಿ ಉಡುಪು ಸೇರಿ 3,500. ಕಪ್ಪು ಶೂ, ಕ್ಯಾನ್ವಾಸ್ ಶೂ 2,000. ಟೈ, ಬೆಲ್ಟು, ಕಾಲುಚೀಲ 860. ಈ ಚೀಟಿಯಲ್ಲಿ ನನ್ನ ಕಣ್ಣು ನಿಂತದ್ದು 3,500ರ ಮೇಲೆ. ವಾರಕ್ಕೆ ಒಂದೊಂದು ದಿನ, ಶನಿವಾರವಾದರೆ ಅದೂ ಅರ್ಧ ದಿನ ತೊಡುವ ಬಟ್ಟೆಗೆ ಒಟ್ಟು ಹಣದ ಸುಮಾರು ಮೂರನೇ ಒಂದು ಪಾಲು ಹೋಗುತ್ತಿದೆ. ದೊಡ್ಡ ಮೊತ್ತವಾದ್ದರಿಂದ ನಾವೆಲ್ಲ ಚೌಕಳಿಯ ಬಗ್ಗೆಯೇ ಮಾತಾಡುತ್ತೇವೆ. ಅಷ್ಟರಲ್ಲಿ ಬುಧವಾರ, ಶನಿವಾರಗಳು ಸದ್ದಿಲ್ಲದೆ ಜೇಬಿಗೆ ಕೈ ಹಾಕಿರುತ್ತವೆ.

ಇನ್ನೊಂದು ಸಂಗತಿ ನಿಮ್ಮ ಪತ್ರದ ಅಂಚಿನಲ್ಲಿತ್ತು. ಐದನೇ ತರಗತಿಯಿಂದ ಹುಡುಗರಿಗೆ ಚಡ್ಡಿಯ ಬದಲು ಪ್ಯಾಂಟು, ಎಂಟರಿಂದ ಹುಡುಗಿಯರಿಗೆ ಚೂಡಿದಾರ್ ಎಂದು ಬರೆದಿದ್ದೀರಿ. ಹಾಗಾದರೆ ಮುಂದಿನ ಜೂನ್‌ಗೆ ನಿಮ್ಮ ಇಬ್ಬರು ಮಕ್ಕಳ ಉಡುಪೂ ಹೇಗಿದ್ದರೂ ಬದಲಾಗುತ್ತದೆ. ಈಗ ಎರಡೆರಡು ಜೊತೆ ಹೊಸ ಚೌಕಳಿ ಕೊಂಡರೆ ಅದರ ಆಯುಷ್ಯ ಹತ್ತೇ ತಿಂಗಳು. ಹಾಗಾಗಿ ಅಷ್ಟೂ ಕೊಳ್ಳಬೇಡಿ. ಶಾಲೆಯೊಂದಿಗೆ ಜಗ್ಗಾಡಲು ಮನಸ್ಸಿಲ್ಲದಿದ್ದರೂ ಒಂದೊಂದೇ ಜೊತೆ ಸಾಕು, ಅದು 2,500. ಇನ್ನೊಂದು ಜೊತೆಗೆ ಹಳೆಯದು. ಆಟದ ಉಡುಪು ಹೋದ ವರ್ಷದ್ದೇ ಇರಲಿ. ಶನಿವಾರದ ಬಿಳಿ ಅಂಗಿ ಮಾತ್ರ ಚೌಕಿಪೇಟೆಯ ಯಾವುದೇ ಅಂಗಡಿಯಲ್ಲಿ ನೋಡಿ, ಎರಡಕ್ಕೆ 700 ಇಟ್ಟುಕೊಳ್ಳೋಣ. ಕಪ್ಪು ಶೂ ಎಂದರೆ ಕಪ್ಪು ಶೂ, ಅದಕ್ಕೆ ಶಾಲೆಯ ಹೆಸರೇನೂ ಬೇಕಿಲ್ಲ. ಪೇಟೆಯಲ್ಲಿ ಎರಡು ಜೊತೆಗೆ 1,100, ಕ್ಯಾನ್ವಾಸ್ ಎರಡಕ್ಕೆ 600, ಕಾಲುಚೀಲಕ್ಕೆ 160. ಟೈ, ಬೆಲ್ಟು ಹಳೆಯವೇ. ಒಟ್ಟು 5,060. ನಿಮ್ಮ ಚೀಟಿಯ ಅರ್ಧಕ್ಕಿಂತ ಕಡಿಮೆ.

ಬೇರೆ ಕಡೆ ಹೊಲಿಸಿದರೆ ಅಗ್ಗವಾಗುತ್ತದೆಯೇ ಎಂದೂ ಕೇಳಿದ್ದೀರಿ. ಇಲ್ಲಿ ನಾನು ಹಿತವಾದ ಸುಳ್ಳು ಹೇಳಲಾರೆ. ನನ್ನ ತಂದೆ ದರ್ಜಿ. ಈ ಊರಿನ ಮಿಲ್ಲುಗಳ ಸೈರನ್ ಕೇಳಿ ಜನ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ, ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದಲ್ಲಿ ಅವರು ಹೊಲಿಗೆ ಯಂತ್ರ ತುಳಿದರು. ನಾನು ಶಿಕ್ಷಣ ಇಲಾಖೆ ಸೇರುವವರೆಗೂ ಅವರ ಪಕ್ಕದಲ್ಲಿ ಕೂತು ಗುಂಡಿ ಹಚ್ಚಿದವನು. ಆಗ ಹೊಲಿಸುವುದೇ ಅಗ್ಗ. ಇವತ್ತು ಒಂದೇ ಮಗುವಿಗೆ ಬಿಡಿಯಾಗಿ ಬಟ್ಟೆ ಕೊಂಡು ಹೊಲಿಗೆ ಕೂಲಿ ಕೊಟ್ಟರೆ ಸಿದ್ಧ ಉಡುಪಿನ ಬೆಲೆಯೇ ಆಗಿಬಿಡಬಹುದು, ಕೆಲವೊಮ್ಮೆ ಮೇಲೆಯೂ ಹೋಗಬಹುದು. ದರ್ಜಿಯ ಕೂಲಿ ಹೆಚ್ಚಾಯಿತೆಂದು ನಾನು ಹೇಳುವುದಿಲ್ಲ, ಅದು ಅವನ ಅನ್ನ. ಹೊಲಿಸುವುದರ ಲಾಭ ಇರುವುದು ಬಾಳಿಕೆಯಲ್ಲಿ. ಸಿದ್ಧ ಉಡುಪಿನಲ್ಲಿ ಅಂಚಿಗೆ ಒಂದು ಇಂಚು ಬಟ್ಟೆ ಬಿಟ್ಟರೆ ಹೆಚ್ಚು, ಪಕ್ಕದ ಹೊಲಿಗೆಯಲ್ಲಿ ಓವರ್‌ಲಾಕ್ ಹೊಡೆದು ಉಳಿದ ಬಟ್ಟೆಯನ್ನು ಕತ್ತರಿಸಿಯೇ ಬಿಟ್ಟಿರುತ್ತಾರೆ. ಬಿಚ್ಚಿ ದೊಡ್ಡದು ಮಾಡೋಣವೆಂದರೆ ಒಳಗೆ ಬಟ್ಟೆಯೇ ಇರುವುದಿಲ್ಲ. ಒಂದು ವರ್ಷದ ಬಟ್ಟೆ ಒಂದೇ ವರ್ಷಕ್ಕೆ ಮುಗಿಯುವುದು ಹೀಗೆ.

ಆರರಿಂದ ಹತ್ತು ವರ್ಷದ ಮಗು ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತದೆ. ಅದರಲ್ಲಿ ಸುಮಾರು ಅರ್ಧ ಕಾಲಿನ ಉದ್ದಕ್ಕೆ ಸೇರುತ್ತದೆ ಎಂದಿಟ್ಟುಕೊಳ್ಳಿ, ಒಂದು ಇಂಚಿಗಿಂತ ಸ್ವಲ್ಪ ಹೆಚ್ಚು. ಆದ್ದರಿಂದ ಮುಂದಿನ ವರ್ಷ ಮಗನಿಗೆ ಪ್ಯಾಂಟು ಹೊಲಿಸುವಾಗ ಕೆಳಗೆ ಮೂರು ಇಂಚು ಮಡಿಕೆ, ಸೊಂಟದ ಹಿಂದಿನ ಹೊಲಿಗೆಯಲ್ಲಿ ಒಂದೂವರೆ ಇಂಚು ಬಟ್ಟೆ ಬಿಡಲು ಹೇಳಿ. ಎರಡು ವರ್ಷ ನಿಶ್ಚಿಂತೆ. ಮಗಳ ವಯಸ್ಸಿನಲ್ಲಿ ಲೆಕ್ಕ ಬೇರೆ, ಹನ್ನೊಂದು ಹನ್ನೆರಡರಲ್ಲಿ ಹುಡುಗಿಯರು ಒಂದೇ ವರ್ಷಕ್ಕೆ ಎಂಟು ಸೆಂಟಿಮೀಟರ್ ಬೆಳೆದರೂ ಆಶ್ಚರ್ಯವಿಲ್ಲ. ಚೂಡಿದಾರದ ಮೇಲಂಗಿಗೆ ಎರಡೂ ಪಕ್ಕದಲ್ಲಿ ಒಂದೊಂದು ಇಂಚು ಬಿಡಿಸಲೇಬೇಕು. ಇದನ್ನು ಅಳತೆ ಕೊಡುವಾಗಲೇ ಹೇಳಬೇಕು, ಕತ್ತರಿ ಹಾಕಿದ ಮೇಲೆ ಹೇಳಿ ಪ್ರಯೋಜನವಿಲ್ಲ.

ಬಟ್ಟೆ ಕೊಳ್ಳುವಾಗ ಅಂಗಡಿಯವರು ಎಲ್ಲವನ್ನೂ ಟೆರಿಕಾಟ್, ಅಂದರೆ ಹತ್ತಿ ಮತ್ತು ಪಾಲಿಯೆಸ್ಟರ್ ಬೆರಕೆ ಎನ್ನುತ್ತಾರೆ. ತಾನಿನ ಅಂಚಿನಿಂದ ನಾಲ್ಕು ಎಳೆ ಎಳೆದು ಬೆಂಕಿಕಡ್ಡಿ ತಾಗಿಸಿ ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಎರಡೂ ಬೆರೆತಿದ್ದರೆ ಸ್ವಲ್ಪ ಬೂದಿ, ಸ್ವಲ್ಪ ಮಣಿ. ನಮ್ಮ ಊರಿನ ಬಿಸಿಲಿಗೆ ಅಂಗಿಯಲ್ಲಿ ಹತ್ತಿಯ ಪಾಲು ಇರಲೇಬೇಕು, ಪೂರ್ತಿ ಪಾಲಿಯೆಸ್ಟರ್ ಅಂಗಿಯಲ್ಲಿ ಮಗು ಮಧ್ಯಾಹ್ನದ ಹೊತ್ತಿಗೆ ಬೆವರಿ ಮುದ್ದೆಯಾಗುತ್ತದೆ. ಚಡ್ಡಿ, ಪ್ಯಾಂಟು, ಸ್ಕರ್ಟುಗಳಿಗೆ ಪಾಲಿಯೆಸ್ಟರ್ ವಿಸ್ಕೋಸ್ ಬೆರಕೆ ಸಾಕು, ಬಣ್ಣ ನಿಲ್ಲುತ್ತದೆ, ಬೇಗ ಒಣಗುತ್ತದೆ. ಹತ್ತಿ ಹೆಚ್ಚಿರುವ ಬಟ್ಟೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿ ಆಮೇಲೆ ದರ್ಜಿಗೆ ಕೊಡಿ.

ಈಗ ಚೌಕಳಿಗೆ ಬರೋಣ, ರೋಗದ ಬೇರು ಇರುವುದು ಅಲ್ಲಿ. ಕಡುನೀಲಿ, ಬೂದು, ಬಿಳಿಯಂಥ ಒಂದೇ ಬಣ್ಣದ ಬಟ್ಟೆ ರಾಜಸ್ಥಾನದ ಭಿಲ್ವಾರದಂಥ ಊರುಗಳ ಮಿಲ್ಲುಗಳಿಂದ ದೇಶಕ್ಕೆಲ್ಲ ಹೋಗುತ್ತದೆ. ಚೌಕಿಪೇಟೆಯ ಹತ್ತು ಅಂಗಡಿಯಲ್ಲೂ ಸಿಗುತ್ತದೆ, ಒಬ್ಬ ಹೆಚ್ಚು ಹೇಳಿದರೆ ಪಕ್ಕದವನು ಕಡಿಮೆ ಹೇಳುತ್ತಾನೆ. ಒಂದು ಶಾಲೆಗಾಗಿಯೇ ನೇಯಿಸಿದ ಚೌಕಳಿಯ ಕಥೆ ಹಾಗಲ್ಲ. ನೂಲಿಗೆ ಬಣ್ಣ ಹಾಕಿಸಿ ನೇಯಿಸಬೇಕಾದ್ದರಿಂದ ಒಮ್ಮೆಗೆ ದೊಡ್ಡ ಪ್ರಮಾಣದಲ್ಲೇ ತರಿಸಬೇಕು. ತರಿಸಿದವನೊಬ್ಬನ ಬಳಿ ಮಾತ್ರ ಅದು ಇರುತ್ತದೆ, ಅವನು ಹೇಳಿದ್ದೇ ಬೆಲೆ. ಅಂಗಡಿಯಿಂದ ಶಾಲೆಗೆ ಪಾಲು ಹೋಗುತ್ತದೆಯೋ ಇಲ್ಲವೋ ಎಂಬ ಚರ್ಚೆಗೆ ನೀವು ಇಳಿಯಬೇಡಿ. ಹೋಗಲಿ ಬಿಡಲಿ, ನಿಮ್ಮ ಹಕ್ಕು ಅದೇ. ಆ ಮಾತು ಎತ್ತಿದ ಕೂಡಲೇ ಸಭೆ ಜಗಳವಾಗಿ ಎದ್ದುಹೋಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಶಾಲೆಯವರು ಹೇಳುವ ಒಂದು ಮಾತಿನಲ್ಲಿ ಮಾತ್ರ ಹುರುಳಿದೆ. ಹತ್ತು ಕಡೆ ಕೊಂಡರೆ ಹತ್ತು ಛಾಯೆ ಬರುತ್ತದೆ, ಪ್ರಾರ್ಥನೆಗೆ ನಿಂತಾಗ ಒಂದೇ ಸಮವಾಗಿ ಕಾಣುವುದಿಲ್ಲ ಎನ್ನುತ್ತಾರೆ. ನಿಜ, ಬಣ್ಣದ ಕಡಾಯಿ ಬದಲಾದರೆ ಛಾಯೆ ಬದಲಾಗುತ್ತದೆ. ಅದಕ್ಕೆ ಪರಿಹಾರ ಸುಲಭ. ಮಿಲ್ಲಿನ ಹೆಸರು, ಬಟ್ಟೆಯ ಬಗೆ, ಛಾಯೆಯ ಸಂಖ್ಯೆ ಬರೆದು, ಒಂದು ಅಂಗೈ ಅಗಲದ ಮಾದರಿ ತುಂಡನ್ನು ಸೂಚನಾ ಫಲಕಕ್ಕೆ ಹಚ್ಚಲಿ. ಅದನ್ನು ನೋಡಿ ಯಾವ ಅಂಗಡಿಯವನಾದರೂ ತರಿಸುತ್ತಾನೆ. ಇಪ್ಪತ್ತು ಮನೆಯವರು ಸೇರಿ ತಾನುಗಟ್ಟಲೆ ಕೊಂಡರೆ ಸಗಟು ಬೆಲೆಗೇ ಸಿಗುತ್ತದೆ, ಒಬ್ಬನೇ ದರ್ಜಿಗೆ ಇಪ್ಪತ್ತು ಮಕ್ಕಳ ಕೆಲಸ ಕೊಟ್ಟರೆ ಕೂಲಿಯೂ ಇಳಿಯುತ್ತದೆ. ಹೊಲಿಸಿದರೆ ಅಗ್ಗವಾಗುವುದು ಹೀಗೆ ಸೇರಿ ಮಾಡಿದಾಗ. ಶಾಲೆಯ ಲಾಂಛನವನ್ನು ಜೇಬಿನ ಮೇಲೆ ಕಸೂತಿ ಮಾಡಿಸುವ ಬದಲು ಬಿಡಿ ಬ್ಯಾಡ್ಜ್ ಮಾರಲಿ. ಅಂಗಿ ಹಳತಾದರೆ ಬ್ಯಾಡ್ಜ್ ಬಿಚ್ಚಿ ಹೊಸದಕ್ಕೆ ಹಚ್ಚಿಕೊಳ್ಳಬಹುದು.

ಓರಗಿತ್ತಿಯ ಮಕ್ಕಳ ಮಾತು ಬರೆದಿದ್ದೀರಿ. ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾ ವಿಕಾಸ ಯೋಜನೆಯಲ್ಲಿ ಸಮವಸ್ತ್ರ ಕೊಡುತ್ತಾರೆ. ಕೇಂದ್ರದ ಸಮಗ್ರ ಶಿಕ್ಷಾ ಯೋಜನೆಯ ಮಾನದಂಡದಲ್ಲಿ ಒಂದು ಮಗುವಿಗೆ ವರ್ಷಕ್ಕೆ ಎರಡು ಜೊತೆಗೆ ಇಟ್ಟ ಹಣ 600 ರೂಪಾಯಿ. ಅದು ತೀರಾ ಕಡಿಮೆ ಎಂದು ಸೇವೆಯಲ್ಲಿದ್ದಾಗಲೂ ಹೇಳಿದ್ದೇನೆ, ಈಗಲೂ ಹೇಳುತ್ತೇನೆ. ಬಟ್ಟೆ ಉಚಿತವಾಗಿ ಬಂದರೂ ಹೊಲಿಗೆ ಕೂಲಿ ಮನೆಯವರ ತಲೆಗೆ ಬರುವುದುಂಟು, ಓರಗಿತ್ತಿಯನ್ನೇ ಕೇಳಿ ನೋಡಿ. ಒಂದು ಕಡೆ ಎರಡು ಜೊತೆಗೆ 600, ಇನ್ನೊಂದು ಕಡೆ ನಿಮ್ಮ ಮಗಳ ಎರಡು ಜೊತೆಗೆ 2,700. ನ್ಯಾಯವಾದ ಬೆಲೆ ಇವೆರಡರ ನಡುವೆ ಇದೆ. ನಾಲ್ಕು ಅಂಗಡಿಯಲ್ಲಿ ಒಂದೇ ಬಟ್ಟೆ ಸಿಗುವಂತಾದರೆ ಮಾತ್ರ ಅದು ಹೊರಗೆ ಬರುತ್ತದೆ.

ಶಾಲೆಗೆ ಹೋಗುವಾಗ ಒಬ್ಬರೇ ಹೋಗಬೇಡಿ. ಐದಾರು ತಾಯಂದಿರು ಸೇರಿ, ಬರೆದು ತೆಗೆದುಕೊಂಡು ಹೋಗಿ. ಬಾಯಿಮಾತಿಗೆ ಬಾಯಿಮಾತಿನ ಉತ್ತರವೇ ಸಿಗುತ್ತದೆ. ಬಿಳಿ ಹಾಳೆಯಲ್ಲಿ ಇಷ್ಟು ಬರೆದರೆ ಸಾಕು:

“ಮುಖ್ಯೋಪಾಧ್ಯಾಯರಿಗೆ ನಮಸ್ಕಾರ. ಈ ಶಾಲೆಯ ಸಮವಸ್ತ್ರ ಎರಡು ವರ್ಷದ ಹಿಂದೆ ಬದಲಾಗಿತ್ತು. 1995ರ ನಿಯಮಗಳ 11ನೇ ನಿಯಮದಂತೆ ಐದು ವರ್ಷ ಬದಲಾಯಿಸುವಂತಿಲ್ಲ, ಬದಲಾಯಿಸುವುದಾದರೆ ಒಂದು ವರ್ಷ ಮೊದಲು ತಿಳಿಸಬೇಕು. ಆದ್ದರಿಂದ ನಮ್ಮ ಮಕ್ಕಳು ಈಗಿರುವ ಸಮವಸ್ತ್ರವನ್ನೇ ತೊಟ್ಟು ಬರಲು ಅವಕಾಶ ಕೊಡಬೇಕು. ಮುಂದೆ ಬದಲಾಯಿಸುವಾಗ ಬಟ್ಟೆಯ ಮಾದರಿ ಮತ್ತು ವಿವರವನ್ನು ಫಲಕದಲ್ಲಿ ಹಾಕಿ, ನಮಗೆ ಅನುಕೂಲವಾದ ಕಡೆ ಕೊಳ್ಳಲು ಬಿಡಬೇಕೆಂದು ಕೋರುತ್ತೇವೆ.”

ಕೆಳಗೆ ಎಲ್ಲರ ಸಹಿ, ತಾರೀಖು. ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮುದ್ರೆ ಹಾಕಿಸಿಕೊಂಡು ಬನ್ನಿ. ಮುದ್ರೆ ಹಾಕಲು ಒಪ್ಪದಿದ್ದರೆ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ರಸೀದಿ ಇಟ್ಟುಕೊಳ್ಳಿ. ಹೆಚ್ಚಿನ ಶಾಲೆಗಳು ಈ ಹಂತದಲ್ಲೇ ಮೆತ್ತಗಾಗುತ್ತವೆ, ಇದು ನನ್ನ ಅನುಭವ. ಆಗದಿದ್ದರೆ ಅದೇ ಪತ್ರದ ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೊಡಿ. ದಾವಣಗೆರೆಯಲ್ಲಿ ಉತ್ತರ, ದಕ್ಷಿಣ ಎಂದು ಎರಡು ವಲಯಗಳಿವೆ. ನಿಮ್ಮ ಶಾಲೆ ಯಾವುದಕ್ಕೆ ಸೇರಿದೆ ಎಂದು ಮಕ್ಕಳ ಅಂಕಪಟ್ಟಿಯನ್ನೋ ಶಾಲೆಯ ಕಚೇರಿಯನ್ನೋ ನೋಡಿ ತಿಳಿಯಿರಿ. ಅದರ ಮೇಲೆ ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರು, ಅದಕ್ಕೂ ಮೇಲೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಶಿಕ್ಷಣ ನಿಯಂತ್ರಣ ಪ್ರಾಧಿಕಾರ ಇದೆ. ಹೆಸರು ಹಾಕದ ದೂರು ಬರೆಯಬೇಡಿ, ಕಡತ ಮುಂದೆ ಹೋಗುವುದಿಲ್ಲ. ಒಬ್ಬರ ಹೆಸರಿಗೆ ಅಂಜಿಕೆಯಾದರೆ ಹತ್ತು ಹೆಸರು ಇರಲಿ.

ಮಕ್ಕಳ ಮೇಲೆ ಸಿಟ್ಟು ತೋರಿಸುವುದಿಲ್ಲವೇ ಎಂದಿರಿ. ಸೇವೆಯಲ್ಲಿದ್ದಾಗ ಒಂದು ಶಾಲೆಗೆ ತಪಾಸಣೆಗೆ ಹೋಗಿದ್ದೆ. ಪ್ರಾರ್ಥನೆಯ ಸಾಲಿನಿಂದ ಹೊರಗೆ, ಧ್ವಜಕಂಬದ ಪಕ್ಕ ಮೂರು ಮಕ್ಕಳು ನಿಂತಿದ್ದರು. ಒಬ್ಬನ ಕಾಲುಚೀಲ ಬೇರೆ ಬಣ್ಣದ್ದು, ಅಷ್ಟೇ ಕಾರಣ. ಅವನು ಒಂದು ಕಾಲನ್ನು ಇನ್ನೊಂದು ಕಾಲಿನ ಹಿಂದೆ ಅಡಗಿಸಲು ನೋಡುತ್ತಿದ್ದ, ಆಗ ಇನ್ನೊಂದು ಕಾಣುತ್ತಿತ್ತು, ಅದನ್ನು ಅಡಗಿಸುತ್ತಿದ್ದ. ಪ್ರಾರ್ಥನೆ ಮುಗಿಯುವವರೆಗೂ ಹಾಗೇ ಕಾಲು ಬದಲಿಸುತ್ತಲೇ ಇದ್ದ. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬಟ್ಟೆಯ ಕಾರಣಕ್ಕೆ ಮಗುವನ್ನು ಹೊರಗೆ ನಿಲ್ಲಿಸುವುದು, ಎಲ್ಲರೆದುರು ಹೆಸರು ಕರೆದು ಅವಮಾನಿಸುವುದು ಮಾನಸಿಕ ಕಿರುಕುಳವೇ. ಹಾಗೇನಾದರೂ ನಡೆದರೆ ಸಮವಸ್ತ್ರದ ದೂರಿನ ಜೊತೆ ಇದನ್ನು ಬೆರೆಸಬೇಡಿ, ಬೇರೆಯಾಗಿ ಬರೆದು ಕೊಡಿ. ಮಕ್ಕಳ ಸಹಾಯವಾಣಿ 1098ಕ್ಕೂ ಹೇಳಬಹುದು. ಮಕ್ಕಳನ್ನು ದಿನಾ ಸಂಜೆ ಶಾಲೆಯಲ್ಲಿ ಏನಾಯಿತು ಎಂದು ಮೆಲ್ಲಗೆ ಕೇಳಿ. ಮಗ ಚಿಕ್ಕವನು, ತಾನಾಗಿ ಹೇಳಲಿಕ್ಕಿಲ್ಲ.

ಅಂಗಡಿಯ ಬಗ್ಗೆ ಒಂದೇ ಮಾತು. ನಿಮಗೆ ಕೊಟ್ಟಿರುವುದು ಬರೀ ಚೀಟಿ, ಬಿಲ್ಲಲ್ಲ. ಜಿಎಸ್‌ಟಿ ಸಂಖ್ಯೆ ಇರುವ ಬಿಲ್ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಒಂದಕ್ಕೆ 2,500 ರೂಪಾಯಿವರೆಗಿನ ಉಡುಪಿಗೆ ತೆರಿಗೆ ಶೇಕಡಾ 5 ಮಾತ್ರ. ಬಿಲ್ ಇದ್ದರೆ ಎರಡು ಒಗೆತಕ್ಕೆ ಬಣ್ಣ ಬಿಟ್ಟ ಬಟ್ಟೆಯನ್ನು ಮರಳಿಸಲು ಆಧಾರ ಇರುತ್ತದೆ, ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ.

ಇನ್ನು ಮಗಳ ಸ್ಕರ್ಟಿನ ಗೆರೆ. ಇದು ಚಿಕ್ಕ ಪ್ರಶ್ನೆ ಎಂದು ಕೊನೆಯಲ್ಲಿ ಬರೆದಿದ್ದೀರಿ, ನನಗೆ ಚಿಕ್ಕದಾಗಿ ಕಾಣಲಿಲ್ಲ. ನನ್ನ ಕಾಲದ ನೀಲಿ ಚಡ್ಡಿ ಹತ್ತಿಯದು. ಒಗೆದು ಒಗೆದು ಮೇಲೆಲ್ಲ ಮಾಸುತ್ತಿತ್ತು, ಮಡಿಕೆಯ ಒಳಗಿನ ಬಟ್ಟೆ ಮಾತ್ರ ಹೊಸದರಂತೆ ಕಡುನೀಲಿಯಾಗಿಯೇ ಇರುತ್ತಿತ್ತು. ಜೂನ್‌ನಲ್ಲಿ ಅಪ್ಪ ಮಡಿಕೆ ಬಿಚ್ಚಿದರೆ ಮೊಳಕಾಲಿನ ಮೇಲೆ ಎರಡು ಬೆರಳಗಲ ಕಡುನೀಲಿ ಪಟ್ಟಿ. ಆ ಪಟ್ಟಿ ಎಣಿಸಿ ಚಡ್ಡಿಗೆ ಎಷ್ಟು ವರ್ಷ ಎಂದು ಯಾರಾದರೂ ಹೇಳಬಹುದಿತ್ತು, ತರಗತಿಯ ಹುಡುಗರು ಹೇಳುತ್ತಲೂ ಇದ್ದರು. ಆದ್ದರಿಂದ ನಿಮ್ಮ ಮಗಳ ಅಳು ನನಗೆ ಗೊತ್ತು.

ಈಗಿನ ಬೆರಕೆ ಬಟ್ಟೆ ಅಷ್ಟು ಮಾಸುವುದಿಲ್ಲ. ಅವಳಿಗೆ ಕಾಣುತ್ತಿರುವುದು ಬಹುಪಾಲು ಮಡಿಕೆಯ ಗುರುತು, ಅದು ಹೋಗುತ್ತದೆ. ಮೊದಲು ಹೊಲಿಗೆಯನ್ನು ಪೂರ್ತಿ ಬಿಚ್ಚಿ, ಎಳೆಗಳ ಚೂರನ್ನೆಲ್ಲ ತೆಗೆದು, ಮಡಿಕೆಯಲ್ಲಿ ಕೂತ ಕೊಳೆಯನ್ನು ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ಸೋಪು ಹಚ್ಚಿ ಉಜ್ಜಿ ಒಗೆಯಿರಿ. ಮಾಸಿದಂತೆ ಕಾಣುವ ಎಷ್ಟೋ ಗೆರೆ ಬರೀ ಕೊಳೆ. ಒಣಗಿದ ಮೇಲೆ ಒಂದು ಲೋಟ ನೀರಿಗೆ ಅರ್ಧ ಲೋಟ ಬಿಳಿ ವಿನಿಗರ್ ಬೆರೆಸಿ, ತೆಳು ಬಿಳಿ ಬಟ್ಟೆಯನ್ನು ಅದರಲ್ಲಿ ಅದ್ದಿ ಹಿಂಡಿ ಗೆರೆಯ ಮೇಲೆ ಹರಡಿ, ಮೇಲಿಂದ ಇಸ್ತ್ರಿ ಒತ್ತಿ. ಎಳೆಯಬೇಡಿ, ಒತ್ತಿ ಎತ್ತಿ, ಒತ್ತಿ ಎತ್ತಿ. ಬಣ್ಣ ಬಿಡುತ್ತದೆಯೋ ಎಂದು ಮೊದಲು ಒಳಗಿನ ಒಂದು ಮೂಲೆಯಲ್ಲಿ ನೋಡಿಕೊಳ್ಳಿ. ಇಷ್ಟಾದ ಮೇಲೂ ಗೆರೆ ಉಳಿದರೆ ಅದರ ಮೇಲೆಯೇ ಅದೇ ಬಣ್ಣದ ದಾರದಲ್ಲಿ ಸುತ್ತಲೂ ಎರಡು ಸಾಲು ಹೊಲಿಗೆ ಹಾಕಿಸಿ, ಸಾಲುಗಳ ನಡುವೆ ಕಾಲು ಇಂಚು ಬಿಡಲಿ. ಹೊಲಿಸುವಾಗಲೇ ಇಟ್ಟ ವಿನ್ಯಾಸದಂತೆ ಕಾಣುತ್ತದೆ. ಅಪ್ಪ ನನ್ನ ಏಳನೇ ತರಗತಿಯ ಚಡ್ಡಿಗೆ ಹಾಗೇ ಮಾಡಿಕೊಟ್ಟಿದ್ದರು. ಮರುವಾರ ನನ್ನ ಪಕ್ಕದ ಹುಡುಗ ತನ್ನ ಚಡ್ಡಿಗೂ ಎರಡು ಸಾಲು ಹಾಕಿಸಬೇಕೆಂದು ತಾಯಿಯನ್ನು ಕರೆದುಕೊಂಡು ನಮ್ಮ ಅಂಗಡಿಗೆ ಬಂದ.